ಮೂರು ವಾರ ಎಲ್ಲಿರಲಿ?

‘ಪೂರ್ತಿ ತೆಗೆಸಿಬಿಡ್ತೀವಿ ಮೇಡಂ, ತಲೆನೋವೇ ಬೇಡ.’ ಸ್ತನ ಕ್ಯಾನ್ಸರ್ ಬಂದವರಿಗೆ ಆಪ್ತಸಲಹೆ ಕೊಡುವ ನಾನು, ಸ್ತನದ ಬಗ್ಗೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಹೆಚ್ಚಾಗಿ ಗಂಡ, ಇಲ್ಲಾ ಅಣ್ಣ.

ಒಮ್ಮೆ ರೋಗಿಯೇ ಹಾಗೆಂದರು. ಆ ಹೆಂಗಸಿಗೆ ಐವತ್ತರ ಆಸುಪಾಸು. ಹಳ್ಳಿ, ನಾಲ್ಕು ಹಸು, ದಿನಾ ಡೇರಿಗೆ ಹಾಲು. ಗುರುತು ಸಿಗಬಾರದೆಂದು ಉಳಿದದ್ದನ್ನು ಬದಲಿಸಿದ್ದೇನೆ. ಎಡ ಸ್ತನದ ಹಾಲಿನ ನಾಳದೊಳಗೆ ಕ್ಯಾನ್ಸರ್. ಒಂದು ಕಡೆ ಮಾತ್ರ ನಾಳದ ಗೋಡೆ ದಾಟಿತ್ತು. ಹಾಗೆ ದಾಟಿದ ಭಾಗ 1 ಮಿಲಿಮೀಟರ್ ಮೀರದಿದ್ದರೆ ರಿಪೋರ್ಟಿನಲ್ಲಿ ‘ಮೈಕ್ರೋ ಇನ್ವೇಷನ್’ ಎಂದಿರುತ್ತದೆ. ಹೆಚ್ಚೆಂದರೆ ಒಂದು ರಾಗಿ ಕಾಳು. ಚಿಕಿತ್ಸೆ ಸರಿಯಾಗಿ ಆದರೆ ಇಂಥವರಲ್ಲಿ ಬಹುಪಾಲು ಜನ ಚೆನ್ನಾಗಿಯೇ ಬದುಕುತ್ತಾರೆ. ಕೀಮೋ ಬೇಕಾಗುವುದು ಅಪರೂಪ.

ನಾಳದೊಳಗಿನ ರೋಗ ತುಂಬಾ ಕಡೆ ಹಬ್ಬಿದ್ದರೆ ಪೂರ್ತಿ ತೆಗೆಯಬೇಕಾಗಬಹುದು. ಇವರದ್ದು ಒಂದೇ ಜಾಗದಲ್ಲಿತ್ತು. ಆ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಡಬಹುದು, ಎರಡೂ ದಾರಿ ಸರಿಯೇ ಎಂದು ಸರ್ಜನ್ ಹೇಳಿದ್ದರು. ರೋಗ ಅಲ್ಲಿಗೂ ಹೋಗಿದೆಯೇ ಎಂದು ಕಂಕುಳಿನ ಒಂದೆರಡು ಗಂಟು (ದುಗ್ಧಗ್ರಂಥಿ) ತೆಗೆದು ನೋಡುವುದಂತೂ ಹೇಗಿದ್ದರೂ ಇತ್ತು. ಆದರೂ ಈಕೆ ಪೂರ್ತಿ ತೆಗೆಸುವ ಹಟ ಬಿಡಲಿಲ್ಲ. ‘ಭಯ ಬಿದ್ದಿದ್ದಾರೆ, ಸ್ವಲ್ಪ ಮಾತಾಡಿಸಿ’ ಎಂದು ನನ್ನ ಬಳಿ ಕಳಿಸಿದರು.

ನಾನೂ ಭಯವೆಂದೇ ನಂಬಿದೆ. ಅರ್ಧ ಗಂಟೆ ಪಾಠ ಮಾಡಿದೆ. ಅಮೆರಿಕದಲ್ಲಿ 1976ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು, 4 ಸೆಂಟಿಮೀಟರ್‌ವರೆಗಿನ ಗಡ್ಡೆ ಇದ್ದವರನ್ನು 20 ವರ್ಷ ನೋಡಿದರು, ಪೂರ್ತಿ ತೆಗೆಸಿದವರೂ ಗಡ್ಡೆಯನ್ನಷ್ಟೇ ತೆಗೆಸಿದವರೂ ಒಂದೇ ಸಮ ಬದುಕಿದರು ಎಂದೆ. ಆಕೆ ಪಾಪ, ಸೆರಗಿನ ತುದಿ ಸುತ್ತುತ್ತಾ ಕೇಳಿಸಿಕೊಂಡರು.

‘ನನಗೇನು ಮೊಲೆ ಬೇಡ ಅಂತಲ್ಲ ಮೇಡಂ. ಕರೆಂಟು ಕೊಡಿಸೋಕೆ ಮೂರು ವಾರ ದಿನಾ ಬರ್ಬೇಕಂತೆ. ಬೆಂಗಳೂರಲ್ಲಿ ಯಾರ ಮನೇಲಿ ಇರಲಿ? ತೆಗೆಸಿದ್ರೆ ಒಂದೇ ಸಲಕ್ಕೆ ಮುಗೀತದಲ್ವಾ?’

ಕರೆಂಟು ಎಂದರೆ ರೇಡಿಯೇಷನ್. ಹೊರಗೆ ಕೂತಿದ್ದ ಗಂಡನಿಗೂ ಇದು ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ? ನಾನೂ ಕೇಳಿರಲಿಲ್ಲ. ಈಕೆಯ ಲೆಕ್ಕ ತಪ್ಪೂ ಅಲ್ಲ. ಪೂರ್ತಿ ತೆಗೆಸಿದರೆ ಇಷ್ಟು ಸಣ್ಣ ರೋಗಕ್ಕೆ ಸಾಮಾನ್ಯವಾಗಿ ರೇಡಿಯೇಷನ್ ಬೇಕಾಗುವುದಿಲ್ಲ.

ಆಮೇಲೆ ನಾನು ಕೊಟ್ಟ ಸಲಹೆ ಇಷ್ಟೇ: ಆಪರೇಷನ್ ಯಾವುದು ಅಂತ ಇವತ್ತು ಹೇಳಬೇಡಿ. ಮೊದಲು ಉಳಿಯುವ ಜಾಗ, ಹಾಲು ಕರೆಯುವವರು, ಇವೆರಡನ್ನು ನೋಡೋಣ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ಹತ್ತಿರ ಧರ್ಮಶಾಲೆ ಇರುತ್ತದೆ. ಕಿದ್ವಾಯಿ ಆವರಣದಲ್ಲೂ ಇದೆ. ಫೋನ್ ಹಚ್ಚಿದೆ. ‘ನೀವು ಆಪ್ತಸಲಹೆ ಕೊಡೋರಾ, ರೂಮ್ ಬುಕ್ ಮಾಡೋರಾ?’ ಎಂದು ಒಬ್ಬ ಸಹೋದ್ಯೋಗಿ ನಕ್ಕರು. ನಗಲಿ. ರೂಮು ಸಿಗದೆ ಸ್ತನ ಕಳೆದುಕೊಳ್ಳುವುದನ್ನು ‘ರೋಗಿಯ ಆಯ್ಕೆ’ ಎಂದು ಫೈಲಿನಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಎಲ್ಲ ಗೊತ್ತಿದ್ದೂ ಪೂರ್ತಿ ತೆಗೆಸುತ್ತೇನೆ ಎಂದಿದ್ದರೆ ಸುಮ್ನೆ ಒಪ್ಪುತ್ತಿದ್ದೆ.

ಹಸುಗಳನ್ನು ನಾದಿನಿ ನೋಡಿಕೊಂಡರು. ಗಡ್ಡೆಯ ಭಾಗವನ್ನಷ್ಟೇ ತೆಗೆದರು. ಕಂಕುಳಿನ ಗಂಟಿನಲ್ಲಿ ಏನೂ ಇರಲಿಲ್ಲ. ರೇಡಿಯೇಷನ್ ಮುಗಿದ ದಿನ ಬಂದು ಕೂತರು. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಕ್ಯಾನ್ಸರ್ ಆದ್ದರಿಂದ, ಆ ಹಾರ್ಮೋನನ್ನು ತಡೆಯುವ ಟ್ಯಾಮೊಕ್ಸಿಫೆನ್ ಮಾತ್ರೆಯನ್ನು 5 ವರ್ಷಕ್ಕೆ ಬರೆದಿದ್ದರು.

‘ಈ ಮಾತ್ರೆಗೂ ಬೆಂಗಳೂರಿಗೇ ಬರ್ಬೇಕಾ ಮೇಡಂ?’

ಈ ಸಲ ಪಾಠ ಮಾಡಲಿಲ್ಲ. ನಿಮ್ಮ ತಾಲ್ಲೂಕಿನ ಮೆಡಿಕಲ್ ಸ್ಟೋರ್ ಯಾವುದು ಎಂದು ಕೇಳಿದೆ.