ಕೌನ್ಸಿಲ್‌ಗೂ ಕಳ್ಳತನಕ್ಕೂ ಏನು ಸಂಬಂಧ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದಿದ್ದೇನೆ. ಬೆಂಗಳೂರಿನಲ್ಲಿ ಬ್ಯಾಂಕೊಂದರಲ್ಲಿ ಡೇಟಾ ಅನಲಿಸ್ಟ್ ಆಗಿದ್ದೆ. ಇಲ್ಲಿ ಒಂದು ಕೌನ್ಸಿಲ್‌ನವರು (ನಮ್ಮ ನಗರಸಭೆ ಇದ್ದ ಹಾಗೆ) ‘ಕ್ರೈಮ್ ಅಂಡ್ ಇಂಟೆಲಿಜೆನ್ಸ್ ಅನಲಿಸ್ಟ್’ ಬೇಕು ಅಂತ ಜಾಹೀರಾತು ಹಾಕಿದ್ದಾರೆ. ಕಸ ಎತ್ತಿಸುವವರಿಗೆ ಅಪರಾಧದ ಉಸಾಬರಿ ಯಾಕೆ? ಇದು ಪೊಲೀಸ್ ಕೆಲಸವಾ? ನನಗೆ ಒಗ್ಗುತ್ತಾ?

ಉತ್ತರ: ಪೊಲೀಸ್ ಕೆಲಸ ಅಲ್ಲ. ಯೂನಿಫಾರ್ಮ್ ಇಲ್ಲ, ಯಾರನ್ನೂ ಹಿಡಿಯುವುದಿಲ್ಲ. ಆದರೆ ಈ ಉಸಾಬರಿ ಕೌನ್ಸಿಲ್‌ಗೆ ಕಾನೂನಿನಿಂದಲೇ ಬಂದಿದೆ. 1998ರ ಕ್ರೈಮ್ ಅಂಡ್ ಡಿಸಾರ್ಡರ್ ಆಕ್ಟ್ ಪ್ರಕಾರ ಕೌನ್ಸಿಲ್ ಮತ್ತು ಪೊಲೀಸರು ಜೊತೆಯಾಗಿ ಅಪರಾಧ ತಗ್ಗಿಸುವ ಯೋಜನೆ ಮಾಡಲೇಬೇಕು. ಅಗ್ನಿಶಾಮಕದವರು, ಪ್ರೊಬೇಷನ್‌ನವರು (ಶಿಕ್ಷೆಯಾದವರ ಮೇಲೆ ಹೊರಗೆ ನಿಗಾ ಇಡುವವರು), ಆರೋಗ್ಯ ಸೇವೆಯವರು ಕೂಡ ಅದರಲ್ಲಿ ಇರುತ್ತಾರೆ. ಮದ್ಯದಂಗಡಿಯ ಲೈಸೆನ್ಸ್, ಪಾರ್ಕು, ಸಿಸಿಟಿವಿ ಎಲ್ಲ ಕೌನ್ಸಿಲ್ ಕೈಯಲ್ಲೇ ಇರುತ್ತವೆ, ಅಲ್ವಾ? ಬರೀ ಪೊಲೀಸರಿಂದ ಆಗುವ ಕೆಲಸ ಅಲ್ಲ ಇದು.

ಈ ಕೆಲಸದಲ್ಲಿ ವರ್ಷಕ್ಕೊಮ್ಮೆ ಇಡೀ ಊರಿನ ಅಪರಾಧದ ಪರಿಸ್ಥಿತಿಯ ಬಗ್ಗೆ ದೊಡ್ಡ ವರದಿ ಬರೆಯಬೇಕು. ಉಳಿದ ದಿನಗಳಲ್ಲಿ ‘ಆ ರಸ್ತೆಯಲ್ಲಿ ಕಾರಿನ ಗಾಜು ಒಡೆಯೋದು ಜಾಸ್ತಿ ಆಗಿದೆಯಂತೆ, ಸ್ವಲ್ಪ ನೋಡಿ’ ಅನ್ನುವಂಥ ಕೋರಿಕೆಗಳು ಬರುತ್ತವೆ. ಇಂಥದ್ದನ್ನೇ ಒಂದನ್ನು ಹತ್ತಿರದಿಂದ ನೋಡೋಣ. ಮಾಲೀಕರು ಸಂಜೆ 7ಕ್ಕೆ ಕಾರು ನಿಲ್ಲಿಸಿದ್ದಾರೆ, ಬೆಳಿಗ್ಗೆ 7ಕ್ಕೆ ಬಂದು ನೋಡಿದರೆ ಗಾಜು ಒಡೆದಿದೆ, ಬ್ಯಾಗ್ ಇಲ್ಲ. ದೂರಿನಲ್ಲಿ ಎರಡೂ ಸಮಯ ಇರುತ್ತೆ. ನೀವು ಸುಮ್ನೆ ಕೊನೆಯ ಸಮಯವನ್ನೇ ತಗೊಂಡು ಗ್ರಾಫ್ ಹಾಕಿದಿರಿ ಅಂದ್ಕೊಳ್ಳಿ, ಕಳ್ಳರೆಲ್ಲ ಬೆಳಿಗ್ಗೆ 7ಕ್ಕೇ ಬರ್ತಾರೆ ಅನ್ನುವ ಹಾಗೆ ಕಾಣುತ್ತೆ, ಗಸ್ತು ಕೂಡ ಆ ಹೊತ್ತಿಗೇ ಹೋಗುತ್ತೆ, ಕಳ್ಳ ಮಧ್ಯರಾತ್ರಿಯೇ ಬಂದು ಹೋಗಿರುತ್ತಾನೆ. ಅದಕ್ಕೇ ಒಂದು ಕಳ್ಳತನವನ್ನು 12 ಗಂಟೆಗೂ ಹಂಚುತ್ತಾರೆ, ಗಂಟೆಗೆ 12ರಲ್ಲಿ ಒಂದು ಪಾಲು. ನೂರಾರು ದೂರುಗಳನ್ನು ಹೀಗೆ ಹಂಚಿ ಕೂಡಿಸಿದಾಗ ಯಾವ ಹೊತ್ತು ಕೆಟ್ಟದ್ದು ಅಂತ ಮೆಲ್ಲಗೆ ಗೊತ್ತಾಗುತ್ತೆ. ಬ್ಯಾಂಕಿನ ಲೆಕ್ಕ ನೋಡಿದ ನಿಮಗೆ ಇದು ಖಂಡಿತ ಕಷ್ಟ ಅಲ್ಲ.

ನಾನು ಒತ್ತಿ ಹೇಳುವುದು ಒಂದೇ ಮಾತು. ಪೊಲೀಸ್ ಅಂಕಿಅಂಶದಲ್ಲಿ ಇರುವುದು ಪೊಲೀಸರಿಗೆ ಗೊತ್ತಾದದ್ದು ಮಾತ್ರ, ನಡೆದದ್ದೆಲ್ಲ ಅಲ್ಲ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಅನ್ನುವ ಮುಖ-ದವಡೆಯ ಸರ್ಜನ್ ಇದನ್ನು ಕಣ್ಣಾರೆ ಕಂಡರು. ಹೊಡೆತ ತಿಂದು ಆಸ್ಪತ್ರೆಗೆ ಬಂದ ಎಷ್ಟೋ ಜನರ ವಿಷಯ ಪೊಲೀಸ್ ದಾಖಲೆಯಲ್ಲಿ ಇರಲೇ ಇಲ್ಲ. ಆಮೇಲೆ ಎಮರ್ಜೆನ್ಸಿ ವಿಭಾಗದಲ್ಲಿ ಹೆಸರು ಬಿಟ್ಟು ಎಲ್ಲಿ, ಯಾವಾಗ, ಯಾವುದರಿಂದ ಹೊಡೆದರು ಅಂತ ಬರೆದುಕೊಂಡು, ಆ ಮಾಹಿತಿಯನ್ನು ಪೊಲೀಸರಿಗೆ, ಕೌನ್ಸಿಲ್‌ಗೆ ಕೊಡಲು ಶುರು ಮಾಡಿದರು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಫಲಿತಾಂಶ ಬಂತು. ಹಲ್ಲೆಯಿಂದ ಆಸ್ಪತ್ರೆಗೆ ದಾಖಲಾಗುವವರು ಕಾರ್ಡಿಫ್‌ನಲ್ಲಿ ಲಕ್ಷ ಜನರಿಗೆ ತಿಂಗಳಿಗೆ 7 ಇದ್ದದ್ದು 5ಕ್ಕೆ ಇಳಿಯಿತು. ಹೋಲಿಕೆಗೆ ತೆಗೆದುಕೊಂಡ ಬೇರೆ ಊರುಗಳಲ್ಲಿ ಅದು 5ರಿಂದ 8ಕ್ಕೆ ಏರಿತ್ತು. ಈ ಕೆಲಸದ ಮೇಲೆ ನನಗೆ ಇಷ್ಟು ಗೌರವ ಇರುವುದು ಇಂಥದ್ದಕ್ಕೇ. ‘ಈ ಏರಿಯಾ ಕೆಟ್ಟದ್ದು’ ಅಂತ ನಕ್ಷೆಯಲ್ಲಿ ಕೆಂಪು ಬಳಿದು ಕೈತೊಳೆದುಕೊಂಡರೆ ಅಲ್ಲಿ ಬದುಕುವವರಿಗೆ ಅನ್ಯಾಯ. ಅಲ್ಲಿನ ಜನ ಧೈರ್ಯವಾಗಿ ದೂರು ಕೊಡುತ್ತಿರಬಹುದು, ಪಕ್ಕದ ಬೀದಿಯವರು ಹೆದರಿ ಸುಮ್ಮನಿರಬಹುದು.

ಅರ್ಜಿಗೆ ಮುಂಚೆ ಪೊಲೀಸ್ ಡಾಟ್ ಯುಕೆ ತಾಣದ ಅಪರಾಧ ಡೇಟಾ ಇಳಿಸಿಕೊಳ್ಳಿ, ಉಚಿತ. ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ನಕ್ಷೆ ಮಾಡಿ ನೋಡಿ, ಅದೂ ಉಚಿತ. ಒಂದು ಎಚ್ಚರಿಕೆ: ಅಲ್ಲಿನ ಚುಕ್ಕೆಗಳು ನಿಜವಾದ ಜಾಗ ಅಲ್ಲ. ಯಾರ ಮನೆ ಅಂತ ಗೊತ್ತಾಗಬಾರದು ಅಂತ ಹತ್ತಿರದ ಬೀದಿಗೋ ಸೂಪರ್‌ಮಾರ್ಕೆಟ್‌ಗೋ ಸರಿಸಿರುತ್ತಾರೆ. ಇನ್ನು, ಪೊಲೀಸ್ ಮಾಹಿತಿ ಮುಟ್ಟಬೇಕಾದರೆ ಹಿನ್ನೆಲೆ ತಪಾಸಣೆ ಇರುತ್ತದೆ. ಇಲ್ಲಿ ಎಷ್ಟು ವರ್ಷ ವಾಸ ಇರಬೇಕು ಅಂತ ಮೊದಲೇ ಕೇಳಿಬಿಡಿ, ಹೊಸದಾಗಿ ಬಂದವರಿಗೆ ತೊಡಕಾಗುವುದು ಅಲ್ಲೇ.

ಪ್ರಶ್ನೆ: ನನ್ನ ಮಗಳು ಲೀಡ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಇದೇ ಕೆಲಸಕ್ಕೆ ಸೇರಿದ್ದಾಳೆ. ಕಳ್ಳಕಾಕರ ವಿಷಯ, ಅಪಾಯ ಇಲ್ವಾ? (ಒಬ್ಬ ತಾಯಿ, ಹಾಸನ)

ಉತ್ತರ: ಅಮ್ಮಾ, ಆಫೀಸಿನಲ್ಲಿ ಕುಳಿತು ಮಾಡುವ ಕೆಲಸ, ಬೀದಿಯಲ್ಲಿ ಅಲ್ಲ. ಆದರೆ ಮನಸ್ಸಿಗೆ ಭಾರ ಇದ್ದೇ ಇರುತ್ತೆ. ಮನೆಯೊಳಗಿನ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯದ ವರದಿಗಳನ್ನು ಸಾಲು ಸಾಲಾಗಿ ಓದಬೇಕು. ಆಗಾಗ ‘ಊಟ ಆಯ್ತಾ, ನಿದ್ದೆ ಬಂತಾ’ ಅಂತ ಕೇಳಿ. ಕೆಲಸದ ಬಗ್ಗೆ ಫೋನಿನಲ್ಲಿ ಬಾಯಿ ಬಿಡ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮನೆಯವರ ಹತ್ತಿರವೂ ಅವಳು ಹೇಳುವ ಹಾಗಿಲ್ಲ.