ಭರತನಾಟ್ಯ ಬಿಟ್ಟು ಸೀರಿಯಲ್‌ಗೆ ಹೋದರೆ ಲೈಫ್ ಸೆಟ್ಲ್ ಆಗುತ್ತಾ?

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೆಯ ಫೋಟೊ ನೋಡಿದ ಹಾಗಾಯಿತು. ನೀವು ವಿಜಯಪುರದವರು. ಭರತನಾಟ್ಯದ ವಿದ್ವತ್ ಪೂರ್ವ ಪರೀಕ್ಷೆ ಮುಗಿದಿದೆ, ಮನೆಯಲ್ಲೇ ಮಕ್ಕಳಿಗೆ ಡಾನ್ಸ್ ಕಲಿಸುತ್ತೀರಿ, ನಾಯಕಿಯ ತಂಗಿ ಪಾತ್ರಕ್ಕೆ ಬೆಂಗಳೂರಿನಿಂದ ಕರೆ ಬಂದಿದೆ. ನಾನು ಬಾಗಲಕೋಟೆ ನವನಗರದವಳು. ಅದೊಂದು ಬಿಟ್ಟರೆ ಉಳಿದದ್ದೆಲ್ಲ ಅದೇ. ಪಾತ್ರವೂ ತಂಗಿಯದೇ!

ನಾನು ಹೋಗಿದ್ದು 2015ರಲ್ಲಿ. ಆಡಿಷನ್ ವಿಡಿಯೊ ಕಳಿಸಿದ್ದೆ, ಪಾತ್ರಕ್ಕೆ ಒಪ್ಪುತ್ತೀನಾ ಅಂತ ಕ್ಯಾಮೆರಾದಲ್ಲಿ ನೋಡುವ ಲುಕ್ ಟೆಸ್ಟಿಗೆ ಕರೆದರು. ಸಂಬಂಧಿಕರು ಮುಖ ಮುರಿದರು. ಇದೇ ಜನ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕೂತು ಕಂಪನಿ ನಾಟಕ ನೋಡುತ್ತಾರೆ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹಿಂದಿ ಸಿನಿಮಾದಲ್ಲಿ ಹಾಡಿ, ನಟಿಸಿ ಹೆಸರು ಮಾಡಿದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ತಮ್ಮ ಮನೆ ಹುಡುಗಿ ಹೊರಟರೆ ಕಥೆ ಬೇರೆ. ಅಪ್ಪ ಮಾತ್ರ ಬೇಡ ಅನ್ನಲಿಲ್ಲ. ನಮ್ಮದು ಮುಳುಗಡೆ ಕುಟುಂಬ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಹೋಯಿತು. ಪರಿಹಾರಕ್ಕಾಗಿ ಅಪ್ಪ ವರ್ಷಗಟ್ಟಲೆ ಕಚೇರಿ ಅಲೆದಿದ್ದರು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿಸುವಾಗ ಅವರು ಹೇಳಿದ್ದು ಒಂದೇ ಮಾತು: "ಕಾಗದದಾಗ ಏನೈತಿ ಅಂತಷ್ಟ ನೋಡಬ್ಯಾಡವಾ, ಏನಿಲ್ಲ ಅದನ್ನೂ ನೋಡು." ನಾನು ನಕ್ಕುಬಿಟ್ಟೆ. ನನಗಾಗ ಕಾಗದದ ಚಿಂತೆ ಇರಲಿಲ್ಲ, ಕ್ಯಾಮೆರಾದ ಚಿಂತೆ ಇತ್ತು.

ಭರತನಾಟ್ಯ ಬಂದರೆ ನಟನೆ ಸುಲಭ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಮೊದಲ ತಿಂಗಳು ಅದೇ ನನಗೆ ಅಡ್ಡ ಬಂತು. ಕೈ ಹೋದಲ್ಲಿ ಕಣ್ಣು ಹೋಗಬೇಕು ಅಂತ ತಾನೆ ನಮಗೆ ಕಲಿಸಿರುವುದು? ಕ್ಲೋಸಪ್‌ನಲ್ಲಿ ಕೈ ಫ್ರೇಮಿನಲ್ಲೇ ಇರುವುದಿಲ್ಲ. ಕಾಣದ ಕೈ ಹಿಂದೆ ನನ್ನ ಕಣ್ಣು ಓಡುತ್ತಿತ್ತು. ಮಾನಿಟರ್‌ನಲ್ಲಿ ನೋಡಿದರೆ ಏನೋ ಕಳೆದುಕೊಂಡು ಹುಡುಕುವವಳ ಹಾಗೆ ಕಾಣುತ್ತಿದ್ದೆ. ದುಃಖ ಅಂದರೆ ಹುಬ್ಬು, ತುಟಿ, ಗಲ್ಲ ಎಲ್ಲಾ ಕೆಲಸಕ್ಕೆ ಇಳಿಯುತ್ತಿದ್ದವು. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಕಾಣಲಿ ಅಂತ ಹತ್ತು ವರ್ಷ ಪಳಗಿಸಿದ ಮುಖ ಅದು. ಇಲ್ಲಿ ಕ್ಯಾಮೆರಾ ಮೂರು ಅಡಿ ದೂರದಲ್ಲಿದೆ. "ಅರ್ಧ ಮಾಡಿ, ಅದರಲ್ಲೂ ಅರ್ಧ ಮಾಡಿ" ಅನ್ನುತ್ತಿದ್ದರು ನಿರ್ದೇಶಕರು. ನಡಿಗೆಯೂ ಅಷ್ಟೇ. ಕಾಫಿ ತಂದುಕೊಡು ಅಂದರೆ ರಂಗಪ್ರವೇಶಕ್ಕೆ ಬಂದ ಹಾಗೆ ಬರುತ್ತಿದ್ದೆ.

ಉಪಯೋಗಕ್ಕೆ ಬಂದದ್ದು ನಾನು ಎಣಿಸದೇ ಇದ್ದದ್ದು. ನಮ್ಮ ಸೆಟ್‌ನಲ್ಲಿ ಸಹಾಯಕ ನಿರ್ದೇಶಕರು ಡೈಲಾಗ್ ಪ್ರಾಂಪ್ಟ್ ಮಾಡುತ್ತಿದ್ದರು. ಅವರು ಹೇಳಿ ಮುಗಿಸುವಷ್ಟರಲ್ಲಿ ನಾವು ಹೇಳಬೇಕು. ಹೊಸಬರು ತಡವರಿಸುತ್ತಿದ್ದರು. ಗುರುಗಳು ತಾಳ ತಟ್ಟಿ ಹೇಳುವ ನಟ್ಟುವಾಂಗಕ್ಕೆ ಕಾಲು ಹಾಕಿ ಅಭ್ಯಾಸವಿದ್ದ ನನಗೆ ಅದು ಸಲೀಸಾಯಿತು. ಜೊತೆಗೆ ಇಡೀ ದೃಶ್ಯ ಒಟ್ಟಿಗೆ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ಯಾವ ಪದಕ್ಕೆ ಸೆರಗು ಹಿಡಿದಿದ್ದೆನೋ ಕ್ಲೋಸಪ್‌ನಲ್ಲೂ ಅದೇ ಪದಕ್ಕೆ ಹಿಡಿಯುತ್ತಿದ್ದೆ. ಒಂದು ಶಾಟ್‌ಗೂ ಇನ್ನೊಂದಕ್ಕೂ ಹೊಂದುತ್ತಾ ಅಂತ ಕಂಟಿನ್ಯುಟಿ ನೋಡುವ ಹುಡುಗ ನನಗೆ ದಿನಾ ಎಕ್ಸ್‌ಟ್ರಾ ಚಹಾ ತರುತ್ತಿದ್ದ. ಭಾಷೆಯ ಕಥೆ ಹೇಳಹೊರಟರೆ ಇನ್ನೊಂದು ಉತ್ತರವೇ ಬೇಕು. ನನ್ನ "ಹೋಗಾಕತ್ತೀನಿ" ಕೇಳಿ ನಕ್ಕವರೇ, ಆಮೇಲೆ ಬೇರೆ ಸೀರಿಯಲ್‌ಗೆ ಉತ್ತರ ಕರ್ನಾಟಕದ ಭಾಷೆ ಬೇಕಾದಾಗ ಬೆಂಗಳೂರಿನ ನಾಯಕಿಗೆ ಹೇಳಿಕೊಡು ಅಂತ ನನಗೇ ಫೋನ್ ಮಾಡಿದರು. ಹೋಗಲಿ ಬಿಡಿ.

ಈಗ ಅಗ್ರಿಮೆಂಟ್ ವಿಷಯ. ಇದನ್ನು ನಿಧಾನವಾಗಿ ಓದಿ.

ಸಹಿ ಮಾಡಿದ್ದು ಮೇಕಪ್ ರೂಮಿನಲ್ಲಿ. ಕುತ್ತಿಗೆಗೆ ಟಿಶ್ಯೂ ಸಿಕ್ಕಿಸಿದ್ದರು, ಒಂದು ಕಣ್ಣಿಗೆ ಕಾಡಿಗೆ ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. 11 ಪುಟ, ಪೂರ್ತಿ ಇಂಗ್ಲಿಷ್. "ಎಲ್ಲರದ್ದೂ ಇದೇ ಮೇಡಂ, ಸ್ಟ್ಯಾಂಡರ್ಡ್" ಅಂದರು. ದಿನಕ್ಕೆ 3,000 ರೂಪಾಯಿ, ತಿಂಗಳಿಗೆ ಹತ್ತಿರ ಹತ್ತಿರ 20 ದಿನ ಕೆಲಸ ಅಂತ ಬಾಯಲ್ಲಿ ಹೇಳಿದ್ದರು. ನಾನು 3,000 ಎಲ್ಲಿದೆ ಅಂತ ಹುಡುಕಿದೆ, ಇತ್ತು. ಸಹಿ ಹಾಕಿದೆ.

20 ದಿನ ಅನ್ನುವುದು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. 5 ದಿನ, 2 ದಿನ ಅಂತಲೂ ಇರಲಿಲ್ಲ. ಬದಲಿಗೆ ಏನಿತ್ತು ಗೊತ್ತಾ? ಸೀರಿಯಲ್ ಮುಗಿಯುವವರೆಗೆ ನಾನು ಬೇರೆ ಸೀರಿಯಲ್, ಜಾಹೀರಾತು, ಸ್ಟೇಜ್ ಕಾರ್ಯಕ್ರಮ ಯಾವುದನ್ನೂ ಅವರ ಲಿಖಿತ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ ಇತ್ತು. ಅಂದರೆ ನನ್ನ 30 ದಿನವೂ ಅವರಿಗೆ. ಅವರು ದುಡ್ಡು ಕೊಡುವುದು ಮಾತ್ರ ಶೂಟಿಂಗ್ ಆದ ದಿನಕ್ಕೆ. ಹೊಲ ಪೂರ್ತಿ ಬರೆದುಕೊಟ್ಟು, ಬಿತ್ತಿದ ಸಾಲಿಗೆ ಮಾತ್ರ ದುಡ್ಡು ಇಸ್ಕೊಂಡ ಹಾಗೆ.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಒಂದು ತಿಂಗಳು 20 ದಿನವೂ ಆಯಿತು, 60,000. ಆಮೇಲೆ ಟಿಆರ್‌ಪಿ ಇಳಿಯಿತು, ಕಥೆ ಅತ್ತೆ ಮನೆಗೆ ತಿರುಗಿತು. ನಾಯಕಿಯ ತವರುಮನೆಗೆ ಸೀನ್ ಇಲ್ಲ. ತವರುಮನೆ ಅಂದರೆ ನಾನು. ನಾಲ್ಕನೇ ತಿಂಗಳು 6 ದಿನ ಕೆಲಸ. 18,000 ಆಯಿತು, ಮೊದಲೇ ಹಿಡಿಯುವ ತೆರಿಗೆ, ಅಂದರೆ ಟಿಡಿಎಸ್, 10% ಹೋಗಿ 16,200. ಅದೂ ಕೈಗೆ ಬಂದದ್ದು 90 ದಿನದ ಮೇಲೆ. ಪಿಜಿಗೆ 8,500. ಬ್ಲೌಸ್ ಹೊಲಿಸುವುದು, ಮ್ಯಾಚಿಂಗ್ ಬಳೆ ಎಲ್ಲಾ ನಮ್ಮದೇ ಖರ್ಚು. ಊರಲ್ಲಿ ನನ್ನ ಕ್ಲಾಸಿಗೆ 34 ಮಕ್ಕಳಿದ್ದರು, ತಲಾ 500, ತಿಂಗಳಿಗೆ 17,000. ಬರುವಾಗ ಅದನ್ನು ಪೂರ್ತಿ ಮುಚ್ಚಿ ಬಂದಿದ್ದೆ. ಲೆಕ್ಕ ನೀವೇ ಹಾಕಿ. ಇತ್ತ ಓಣಿಯಲ್ಲಿ ನಾನು ಲಕ್ಷಗಟ್ಟಲೆ ದುಡಿಯುತ್ತೇನೆ ಅಂತ ಸುದ್ದಿ. ಅವ್ವನಿಗೆ ಸಾಲ ಕೇಳುವವರು ಬೇರೆ.

ಆಮೇಲೆ ಒಂದು ದಿನ ನನ್ನ ಪಾತ್ರವನ್ನು ಓದಲಿಕ್ಕೆ ಲಂಡನ್‌ಗೆ ಕಳಿಸಿದರು. ಪಾತ್ರ ಲಂಡನ್‌ನಲ್ಲಿ, ನಾನು ಪಿಜಿಯಲ್ಲಿ. ಸಾಯಿಸಿದ್ದರೂ ಒಳ್ಳೆಯದಿತ್ತು, ಬಿಡುಗಡೆ ಸಿಗುತ್ತಿತ್ತು. ಲಂಡನ್‌ಗೆ ಹೋದವಳು ಯಾವಾಗ ಬೇಕಾದರೂ ವಾಪಸ್ ಬರಬಹುದಲ್ಲ, ಹಾಗಾಗಿ ಅಗ್ರಿಮೆಂಟ್ ಜೀವಂತ. ಇನ್ನೊಂದು ಸೀರಿಯಲ್‌ನಿಂದ ಕರೆ ಬಂತು, ಒಪ್ಪಿಗೆ ಕೊಡಲಿಲ್ಲ. ಪಟ್ಟದಕಲ್ಲಿನಲ್ಲಿ ಒಂದು ಕಾರ್ಯಕ್ರಮಕ್ಕೆ ನಮ್ಮ ಗುರುಗಳ ತಂಡಕ್ಕೆ ಅವಕಾಶ ಸಿಕ್ಕಿತ್ತು. ಕಾರ್ಯಕ್ರಮದ ಮುಖ್ಯ ನೃತ್ಯವಾದ ವರ್ಣದಲ್ಲಿ ನನ್ನ ಜಾಗ ಖಾಲಿ ಇಟ್ಟುಕೊಂಡೇ ಅವರು ಕಾದರು. ನಾನು ಎರಡು ಮೇಲ್ ಮಾಡಿದೆ, ಮ್ಯಾನೇಜರ್ ಮುಂದೆ ನಿಂತೆ. "ಆ ದಿನ ಶೂಟ್ ಬಿದ್ದರೆ?" ಅಂದರು. ಆ ದಿನ ಶೂಟ್ ಬೀಳಲಿಲ್ಲ. ಪಿಜಿಯ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಾ, ಈಗ ಅಲ್ಲಿ ಜತಿಸ್ವರ ಮುಗಿದಿರಬೇಕು, ಈಗ ವರ್ಣ ಶುರುವಾಗಿರಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಆ ವರ್ಷ ವಿದ್ವತ್ ಅಂತಿಮ ಪರೀಕ್ಷೆಯನ್ನೂ ಬಿಟ್ಟೆ. ಅದಕ್ಕೆ ಮಾತ್ರ ಯಾರನ್ನೂ ದೂರಲ್ಲ. ಮಂಡಿ ಬಗ್ಗಿಸಿದ ಅರೆಮಂಡಿಯಲ್ಲಿ ಐದು ನಿಮಿಷ ಕೂರಲಾಗದಷ್ಟು ಅಭ್ಯಾಸ ತಪ್ಪಿತ್ತು.

ನಾನು ಯಾರಿಂದಲೂ ಮೋಸ ಹೋಗಲಿಲ್ಲ, ಗಮನಿಸಿ. ಕಾಗದದಲ್ಲಿ ಇದ್ದದ್ದನ್ನೇ ಅವರು ಮಾಡಿದರು. ದಿನಕ್ಕೆ ಎಷ್ಟು ಅಂತ ಕೇಳಿದೆ, ಎಷ್ಟು ದಿನ ಅಂತ ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಿತ್ತಾ? ಸಿಗುತ್ತಿತ್ತು ಅಂತ ಈಗ ಗೊತ್ತು. ಯಾಕಂದರೆ ಎರಡನೇ ಸೀರಿಯಲ್‌ನಲ್ಲಿ ಕೇಳಿದೆ. ತಿಂಗಳಿಗೆ ಕನಿಷ್ಠ 12 ದಿನದ ದುಡ್ಡು, ಕೆಲಸ ಇರಲಿ ಬಿಡಲಿ. 15 ದಿನ ಮೊದಲು ತಿಳಿಸಿದರೆ ಡಾನ್ಸ್ ಕಾರ್ಯಕ್ರಮಕ್ಕೆ ರಜೆ. ಒಂದು ತಿಂಗಳು ಪಾತ್ರ ಕಾಣಿಸದಿದ್ದರೆ ನಾನು ಫ್ರೀ. ಎರಡು ದಿನ ಮುಖ ಗಂಟು ಹಾಕಿಕೊಂಡರು. ಮೂರನೇ ದಿನ ತಿದ್ದಿದ ಕಾಗದ ಬಂತು. ಅದನ್ನು ಅಪ್ಪನಿಗೆ ಕಳಿಸಿದೆ. ಅವರಿಗೆ ಇಂಗ್ಲಿಷ್ ಬರಲ್ಲ. ಒಬ್ಬ ವಕೀಲರ ಹತ್ತಿರ ಕೂತು ಒಂದೊಂದೇ ಸಾಲು ಓದಿಸಿಕೊಂಡು ಬಂದರು.

ಹಾಗಾಗಿ ಡಾನ್ಸಾ ಸೀರಿಯಲ್ಲಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ಡಾನ್ಸ್‌ನಲ್ಲಿ ದುಡ್ಡಿಲ್ಲ, ಸೀರಿಯಲ್‌ನಲ್ಲಿ ಲೈಫ್ ಸೆಟ್ಲ್ ಅಂತ ಬರೆದಿದ್ದೀರಿ. ಸೀರಿಯಲ್ ದಿನಗೂಲಿ ಕೆಲಸ ತಂಗಿ, ಕೂಲಿ ಸ್ವಲ್ಪ ಜಾಸ್ತಿ ಅಷ್ಟೇ. ತಿಂಗಳಿಗೆ ಸರಿಯಾಗಿ ಬರುವ ದುಡ್ಡು ನಿಮ್ಮ ಕ್ಲಾಸಿನದು. ಅದನ್ನು ಮುಚ್ಚಬೇಡಿ. ಸೀನಿಯರ್ ಆದ ಹುಡುಗಿಯ ಕೈಗೆ ಕೊಟ್ಟು ಹೋಗಿ, ಅರ್ಧ ಫೀಸು ಅವಳಿಗೇ ಇರಲಿ. ನಾನು ಮುಚ್ಚಿದ ಕ್ಲಾಸನ್ನು ಮತ್ತೆ ಶುರು ಮಾಡಿದಾಗ 34ರಲ್ಲಿ ವಾಪಸ್ ಬಂದವರು 9 ಮಕ್ಕಳು. 25 ದಾಟಿದರೆ ಟಿವಿಗೆ ತಡವಾಯಿತು ಅಂತ ಹೆದರಿಸಿದ್ದಾರಂತೆ. ಸುಮ್ನೆ ಮಾತು. ಸುಧಾ ಚಂದ್ರನ್ ಭರತನಾಟ್ಯದವರೇ. 1981ರ ಬಸ್ ಅಪಘಾತದಲ್ಲಿ ಕಾಲು ಕಳೆದುಕೊಂಡು, ಜೈಪುರ ಕಾಲು ಅನ್ನುವ ಕೃತಕ ಕಾಲು ಹಾಕಿಕೊಂಡು ಮತ್ತೆ ಕುಣಿದವರು. ಹಿಂದಿ ಸೀರಿಯಲ್‌ಗಳಲ್ಲಿ ಖಳನಾಯಕಿಯಾಗಿ ಮನೆಮಾತಾದದ್ದು ಅದಾಗಿ ಎಷ್ಟೋ ವರ್ಷಕ್ಕೆ. ನಾನೂ ಈಗ ಚಿಕ್ಕಮ್ಮನ ಪಾತ್ರ ಮಾಡುತ್ತೇನೆ. ತಂಗಿಯ ಪಾತ್ರಕ್ಕಿಂತ ಡೈಲಾಗ್ ಜಾಸ್ತಿ, ದಿನವೂ ಜಾಸ್ತಿ.

ಲುಕ್ ಟೆಸ್ಟಿಗೆ ಯಾವ ಸೀರೆ ಅಂತಲೂ ಕೇಳಿದ್ದೀರಿ. ಇಳಕಲ್ ಉಡಿ, ಆದರೆ ಸಣ್ಣ ಚೌಕಡಿಯದು ಬೇಡ. ಕ್ಯಾಮೆರಾದಲ್ಲಿ ಗೆರೆಗಳು ನಡುಗಿದ ಹಾಗೆ ಕಾಣುತ್ತವೆ. ನಾನು ಅದನ್ನೇ ಉಟ್ಟು ಹೋಗಿ, ಯಾರದೋ ಬೆವರಿನ ನೈಲಾನ್ ಸೀರೆಯಲ್ಲಿ ಟೆಸ್ಟ್ ಕೊಟ್ಟೆ. ಪ್ಲೇನ್ ಒಡಲು, ಇಳಕಲ್‌ನ ಗುರುತಾದ ಟೋಪ್ ತೆನಿ ಸೆರಗು ಇರುವುದು ಮನೆಯಲ್ಲಿ ಇದ್ದೇ ಇರುತ್ತದೆ. ಅವ್ವನ ಟ್ರಂಕ್ ತೆಗೆದು ನೋಡಿ.