ನೋಡದ ಟೆಸ್ಟಿಗೆ ಸೈನ್ ಹಾಕ್ಬೇಡ ಪುಟ್ಟಿ

ಈ ವಾರ ಬಂದಿರೋ ಪತ್ರಗಳಲ್ಲಿ ಒಂದು ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೇ ಉಳಿದಿದ್ದೆಲ್ಲ ಪಕ್ಕಕ್ಕಿಟ್ಟು ಇದೊಂದಕ್ಕೇ ಉತ್ತರ ಬರೀತಿದೀನಿ. ಬರೆದವಳು 23 ವರ್ಷದ ಹುಡುಗಿ, ದಾವಣಗೆರೆ ಕಡೆಯವಳು. ಸಿವಿಲ್‌ನಲ್ಲಿ ಬಿಇ ಮುಗಿಸಿ ಬೆಂಗಳೂರಿನ ಒಂದು ಕನ್‌ಸ್ಟ್ರಕ್ಷನ್ ಕಂಪನಿಗೆ ಗ್ರಾಜುಯೇಟ್ ಇಂಜಿನಿಯರ್ ಟ್ರೈನಿ ಅಂತ ಸೇರಿ ಎಂಟು ತಿಂಗಳಾಗಿದೆ, ದೊಡ್ಡ ಅಪಾರ್ಟ್‌ಮೆಂಟ್ ಪ್ರಾಜೆಕ್ಟ್. ಕೈಗೆ ಬರೋದು 21 ಸಾವಿರ, ಬೆಳಗ್ಗೆ ಎಂಟಕ್ಕೆ ಸೈಟಿಗೆ ಹೋದ್ರೆ ಕಾಂಕ್ರೀಟ್ ಇರೋ ದಿನ ರಾತ್ರಿ ಹತ್ತಾದ್ರೂ ಆಯ್ತು, ಪಿಜಿ ರೂಮ್‌ಮೇಟ್ ಸಾಫ್ಟ್‌ವೇರ್ ಸೇರಿ ಇವಳ ಎರಡರಷ್ಟು ತಗೋತಾಳೆ, ಅದೂ ಮಂಚದ ಮೇಲೆ ಕೂತ್ಕೊಂಡೇ ಕೆಲಸ. ಕಾಲೇಜಲ್ಲಿ ಬಿಲ್ಡಿಂಗ್ ಡಿಸೈನ್ ಮಾಡಿದೋಳು ಇಲ್ಲಿ 'ಬರೀ ಕಂಬಿ ಎಣಿಸ್ತೀನಿ, ಲೇಬರ್ ರಿಪೋರ್ಟ್ ಎಕ್ಸೆಲ್ಲಿಗೆ ತುಂಬ್ತೀನಿ' ಅಂತ ಬೇಜಾರು. ಎರಡು ವರ್ಷದ ಬಾಂಡ್ ಇದೆ, ಕೆಲಸ ಕೊಡಿಸಿದ್ದು ಸೋದರಮಾವ, ಬಾಂಡಿಗೆ ಜಾಮೀನು ಹಾಕಿದ್ದೂ ಅವರೇ. ಅವಳ ಪ್ರಶ್ನೆ ಇಷ್ಟು: ಕೋರ್ ಫೀಲ್ಡಲ್ಲೇ, ಅಂದ್ರೆ ಸಿವಿಲ್ಲಲ್ಲೇ ಇರ್ಲಾ, ಬಿಟ್ಟು ಸಾಫ್ಟ್‌ವೇರಿಗೆ ಹೋಗೋಕೆ ಜಾವಾ ಕೋರ್ಸ್ ಸೇರ್ಲಾ?

ನನ್ನ ಮಗಳ ವಯಸ್ಸು ನಿಂದು, ನೀನು ಅಂತಲೇ ಕರೀತೀನಿ, ಬೇಜಾರ್ ಮಾಡ್ಕೋಬೇಡ.

ಜಾವಾ ವಿಷಯ ಆಮೇಲೆ ನೋಡೋಣ ಪುಟ್ಟಿ. ನಿನ್ನ ಪತ್ರದ ಮಧ್ಯದಲ್ಲಿ, ಸೈಟಲ್ಲಿ ಊಟ ಚೆನ್ನಾಗಿರಲ್ಲ ಅನ್ನೋದಕ್ಕೂ ಭಾನುವಾರ ಅರ್ಧ ದಿನ ಬರಬೇಕು ಅನ್ನೋದಕ್ಕೂ ನಡುವೆ ಒಂದು ಸಾಲಿದೆ, ಬರೆದಿದ್ದು ನಿನಗೇ ನೆನಪಿದೆಯೋ ಇಲ್ವೋ. 'ಕ್ಯೂಬ್ ರಿಜಿಸ್ಟರಿಗೆ ಸೈನ್ ಮಾಡೋದೂ ನಾನೇ, ಟೆಸ್ಟ್ ಯಾವಾಗ ಆಗುತ್ತೋ ಗೊತ್ತಿರಲ್ಲ, ಸೀನಿಯರ್ ರೀಡಿಂಗ್ ಬರೆದಿಟ್ಟಿರ್ತಾರೆ, ನಾನು ಸೈನ್ ಹಾಕ್ತೀನಿ, ಅದೆಲ್ಲಾ ರೊಟೀನ್ ಬಿಡಿ.'

ರೊಟೀನ್ ಅಲ್ಲ ಕಣಮ್ಮ. ನಿನ್ನ ಪತ್ರದಲ್ಲಿ ಇರೋ ವಿಷಯ ಅಂದ್ರೆ ಇದೊಂದೇ.

ಸಿವಿಲ್ ಓದದೇ ಇರೋರೂ ಈ ಅಂಕಣ ಓದ್ತಾರೆ, ಅವರಿಗೋಸ್ಕರ ಹೇಳ್ತೀನಿ. ಸ್ಲ್ಯಾಬ್ ಹಾಕೋವಾಗ ಅದೇ ಲಾರಿಯ ಕಾಂಕ್ರೀಟನ್ನ 150 ಮಿಲಿಮೀಟರಿನ ಕ್ಯೂಬ್ ಅಚ್ಚುಗಳಿಗೆ ಪದರ ಪದರವಾಗಿ ತುಂಬ್ತಾರೆ, ಒಂದೊಂದು ಪದರಕ್ಕೂ ರಾಡಿಂದ 35 ಸಲ ಕುಟ್ತಾರೆ, ಮಾರನೇ ದಿನ ಅಚ್ಚು ಬಿಚ್ಚಿ ನೀರಲ್ಲಿ ಇಡ್ತಾರೆ, ಆಮೇಲೆ ಕೆಲವನ್ನ 7ನೇ ದಿನ, ಉಳಿದಿದ್ದನ್ನ 28ನೇ ದಿನ ಮಷಿನ್‌ಗೆ ಕೊಟ್ಟು ಒಡೀತಾರೆ. ಎಂ25 ದರ್ಜೆಯ ಕಾಂಕ್ರೀಟ್ ಅಂದ್ರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೀಬೇಕು, ಅಂದ್ರೆ ಆ ಒಂದು ಕ್ಯೂಬು ಸುಮಾರು 563 ಕಿಲೋನ್ಯೂಟನ್‌ವರೆಗೂ ಒಡೀದೇ ನಿಲ್ಲಬೇಕು. ಹಾಕಿ ಮುಗಿಸಿದ ಸ್ಲ್ಯಾಬನ್ನ ಒಡೆದು ನೋಡೋಕಾಗಲ್ವಲ್ಲ, ಅದರ ಪರವಾಗಿ ಮಾತಾಡೋದು ಈ ಕ್ಯೂಬೇ. ಆ ರೀಡಿಂಗ್ ನೋಡಿಕೊಂಡೇ ಕೆಳಗಿನ ಪ್ರಾಪ್ಸ್, ಅಂದ್ರೆ ಸ್ಲ್ಯಾಬಿಗೆ ಆಸರೆ ಕೊಟ್ಟಿರೋ ಕಂಬಗಳನ್ನ ತೆಗೀತಾರೆ, ಮೇಲಿನ ಫ್ಲೋರಿಗೆ ಸೆಂಟ್ರಿಂಗ್ ಕಟ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 456 ಪ್ರಕಾರ ಆಸರೆಯಿಂದ ಆಸರೆಗೆ ನಾಲ್ಕೂವರೆ ಮೀಟರಿಗಿಂತ ಜಾಸ್ತಿ ಇರೋ ಸ್ಲ್ಯಾಬಿಗೆ ಪ್ರಾಪ್ಸ್ 14 ದಿನ ಇರಬೇಕು, ಅದಕ್ಕೂ ಮುಂಚೆ ತೆಗೀಬೇಕು ಅಂದ್ರೆ ಎಲ್ಲರೂ ನೋಡೋದು 7 ದಿನದ ಕ್ಯೂಬಿನ ಕಡೆಗೇ. ಆ ಪುಟದ ಕೆಳಗೆ ಇರೋದು ನಿನ್ನ ಸೈನು. ಆ ಸ್ಲ್ಯಾಬಿನ ಕೆಳಗೆ ಪೈಪ್ ಹಾಕ್ತಿರೋ ಪ್ಲಂಬರ್ ಹುಡುಗ ನಿನ್ನ ಮುಖಾನೂ ನೋಡಿಲ್ಲ, ಆದ್ರೂ ನಿನ್ನ ಸೈನ್ ನಂಬಿಕೊಂಡೇ ಅಲ್ಲಿ ನಿಂತಿದಾನೆ.

ಒಂದು ಕೆಲಸ ಮಾಡು, ರಿಜಿಸ್ಟರ್ ತೆಗೆದು ಹಿಂದಿನ ಪುಟಗಳನ್ನ ನಿಧಾನಕ್ಕೆ ನೋಡು. ನಿಜವಾಗ್ಲೂ ಒಡೆದ ಕ್ಯೂಬುಗಳು ಒಂದೇ ಥರ ಬರಲ್ಲ, ಒಂದು 26 ಬಂದ್ರೆ ಇನ್ನೊಂದು 30 ಬರುತ್ತೆ, ಸ್ಟ್ಯಾಂಡರ್ಡೇ ಮೂರು ಕ್ಯೂಬಿನ ಸರಾಸರಿಯಿಂದ ಹೆಚ್ಚುಕಮ್ಮಿ ಶೇಕಡಾ 15ರ ತನಕ ವ್ಯತ್ಯಾಸ ಒಪ್ಪುತ್ತೆ. ನಿಮ್ಮ ರಿಜಿಸ್ಟರಲ್ಲಿ ಎಲ್ಲಾ ಪುಟದಲ್ಲೂ 26.1, 26.2, 26.4 ಅಂತ ಸಾಲಾಗಿ ಇದ್ರೆ ಆ ಕ್ಯೂಬುಗಳು ಮಷಿನ್ ಕಂಡಿವೆಯಾ ಅಂತ ನೀನೇ ಕೇಳಬೇಕು. ಇರಬಹುದು, ಎಲ್ಲಾ ಸರಿಯಾಗೇ ಟೆಸ್ಟ್ ಆಗಿರಬಹುದು, ನಿನ್ನ ಸೀನಿಯರ್ ಪ್ರಾಮಾಣಿಕನೇ ಇರಬಹುದು. ಆದ್ರೆ ಅದು ನಿನಗೆ ಗೊತ್ತಿಲ್ಲ, ಗೊತ್ತಿಲ್ಲದೇನೇ ಗೊತ್ತು ಅಂತ ಬರೆದುಕೊಟ್ಟಿದೀಯ.

ಸೀನಿಯರ್ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ. ಮೇಲಿಂದ ದಿನಾ ಒಂದು ಸ್ಲ್ಯಾಬಿಂದ ಇನ್ನೊಂದಕ್ಕೆ ಎಷ್ಟು ದಿನ ಆಯ್ತು ಅಂತ ಫೋನ್, ಕೆಳಗೆ ಲೇಬರ್ ಕಮ್ಮಿ, ಅವನೂ ಒಂದು ಕಾಲಕ್ಕೆ ನಿನ್ನ ಥರಾನೇ ಹೊಸಬನಾಗಿ ಬಂದು ಯಾರೋ ಹೇಳಿದ ಕಡೆ ಸೈನ್ ಹಾಕಿ ಕಲಿತಿರ್ತಾನೆ. ನನಗೆ ಸಿಟ್ಟು ಬಂದಿರೋದು ನಿಮ್ಮ ಸೋದರಮಾವನ ಮೇಲೆ. ನೀನೇ ಬರೆದಿದೀಯಲ್ಲ, ಒಂದ್ಸಲ ಈ ರಿಜಿಸ್ಟರ್ ವಿಷಯ ಅವರ ಹತ್ರ ಎತ್ತಿದ್ದಕ್ಕೆ 'ಎಲ್ಲಾ ಕಡೆ ಹಿಂಗೇ ಕಣೇ, ಅಡ್ಜಸ್ಟ್ ಮಾಡ್ಕೋ, ಅಲ್ಲಿ ನನ್ನ ಹೆಸರು ಕೆಡಿಸಬೇಡ' ಅಂದ್ರಂತೆ. ಕೆಲಸ ಕೊಡಿಸಿದ್ದು ಉಪಕಾರ, ಸರಿ. ಆದ್ರೆ ಮನೆ ಹುಡುಗಿ ಅನುಮಾನ ಬಂದು ಕೇಳಿದಾಗ ಅವಳ ಬಾಯಿ ಮುಚ್ಚಿಸಿ ತಮ್ಮ ಹೆಸರು ಕಾಪಾಡಿಕೊಂಡ್ರಲ್ಲ, ನಾಳೆ ಏನಾದ್ರೂ ಆದ್ರೆ ಪೊಲೀಸರು ರಿಜಿಸ್ಟರಲ್ಲಿ ಹುಡುಕೋದು ಮಾವನ ಹೆಸರನ್ನಲ್ಲ. ಈ ಅಂಕಣದಲ್ಲಿ ಮೊದಲೂ ಬರೆದಿದೀನಿ, ಇನ್ನೊಂದ್ಸಲ ಬರೀತೀನಿ: ಮನೆ ಮಕ್ಕಳಿಗೆ ಕೆಲಸ ಕೊಡಿಸೋ ಹಿರಿಯರು ಆ ಮಕ್ಕಳು ಅಲ್ಲಿ 'ಆಗಲ್ಲ' ಅನ್ನೋ ಹಕ್ಕನ್ನ ಕಿತ್ಕೋಬಾರದು.

2019ರ ಮಾರ್ಚಲ್ಲಿ ಧಾರವಾಡದಲ್ಲಿ ಕಟ್ತಾ ಇದ್ದ ಬಿಲ್ಡಿಂಗ್ ಕುಸಿದು 19 ಜನ ಹೋದ್ರು, ನಿನ್ನ ಊರಿಂದ ದೂರ ಏನಲ್ಲ, ನಿನಗೂ ನೆನಪಿರುತ್ತೆ. ಅದಕ್ಕಿಂತ ಹಳೇದೊಂದು ಹೇಳ್ತೀನಿ, ಅದು ನಿನ್ನಂಥ ಟ್ರೈನಿಗಳಿಗೆ ಗೊತ್ತಿರಬೇಕು. ಕೆನಡಾದ ಕ್ವಿಬೆಕ್‌ನಲ್ಲಿ 1907ರಲ್ಲಿ ದೊಡ್ಡ ಸ್ಟೀಲ್ ಬ್ರಿಜ್ ಕಟ್ತಿದ್ರು, ಕನ್ಸಲ್ಟಿಂಗ್ ಇಂಜಿನಿಯರ್ ಥಿಯೋಡರ್ ಕೂಪರ್ ನ್ಯೂಯಾರ್ಕಲ್ಲಿ ಕೂತಿದ್ರು, ಅವರ ಪರವಾಗಿ ಸೈಟಲ್ಲಿ ಇದ್ದವನು ನಾರ್ಮನ್ ಮೆಕ್ಲೂರ್, ಕಾಲೇಜು ಮುಗಿಸಿ ಕೆಲವೇ ವರ್ಷ ಆಗಿದ್ದ ಹುಡುಗ. ಬ್ರಿಜ್‌ನ ಭಾರ ಹೊರೋ ಕೆಳಗಿನ ಸ್ಟೀಲ್ ಮೆಂಬರ್‌ಗಳು ಬಾಗ್ತಿರೋದು ಅವನ ಕಣ್ಣಿಗೆ ಬಿತ್ತು, ಸುಮ್ಮನೆ ನೋಡಿ ಬಿಡ್ಲಿಲ್ಲ, ಅಳೆದ, ಆಗಸ್ಟ್ ಕೊನೇಲಿ ಒಂದು ಮೆಂಬರ್ ಎರಡು ಇಂಚಿಗೂ ಜಾಸ್ತಿ ಬಾಗಿತ್ತು. ಅದು ಮೊದಲಿಂದಲೂ ಹಂಗೇ ಇತ್ತು ಅಂತ ಕಂಪನಿಯವರು ವಾದ ಮಾಡಿದ್ರು. ಅವನು ಅಳತೆ ಹಿಡ್ಕೊಂಡು ತಾನೇ ನ್ಯೂಯಾರ್ಕಿಗೆ ಹೋದ, ಕೂಪರ್ ನೋಡಿದ ತಕ್ಷಣ ಇನ್ನು ಭಾರ ಹಾಕಬೇಡಿ ಅಂತ ಕಂಪನಿಗೆ ಟೆಲಿಗ್ರಾಂ ಕೊಟ್ರು, ಸೈಟಲ್ಲಿ ಮಾತ್ರ ಕೆಲಸ ನಿಲ್ಲಲಿಲ್ಲ, ಅವತ್ತೇ ಸಂಜೆ, ಆಗಸ್ಟ್ 29ಕ್ಕೆ, ಬ್ರಿಜ್ ನದಿಗೆ ಬಿತ್ತು, 75 ಕೆಲಸಗಾರರು ಸತ್ರು. ಡಿಸೈನ್ ತಪ್ಪಿತ್ತು, ದೊಡ್ಡವರು ಎಚ್ಚೆತ್ತುಕೊಳ್ಳೋದು ತಡವಾಯ್ತು. ಆದ್ರೆ ಅಷ್ಟು ಜನರಲ್ಲಿ ಆ ಹುಡುಗನ ಕೈಯಲ್ಲಿ ಒಂದು ನಿಜವಾದ ಅಳತೆ ಇತ್ತು, ಯಾಕಂದ್ರೆ ಅವನು ಸ್ವಂತ ಕಣ್ಣಿಂದ ನೋಡಿ ಬರೆದಿದ್ದ. ಅವನೂ ಯಾರೋ ಬರೆದಿಟ್ಟ ನಂಬರಿಗೆ ಸೈನ್ ಹಾಕೋನಾಗಿದ್ರೆ ಆ ಟೆಲಿಗ್ರಾಂ ಕೂಡ ಹೋಗ್ತಿರಲಿಲ್ಲ.

ಇನ್ನು ಕಂಬಿ ಎಣಿಸೋದು ಅಂತ ಕೀಳಾಗಿ ಬರೆದಿದೀಯಲ್ಲ, ಅದು ನನಗೆ ನೋವಾಯ್ತು. ಒಂದೇ ಕಡೆ ಆಸರೆ ಇದ್ದು ಹೊರಗೆ ಚಾಚಿರೋ ಬಾಲ್ಕನಿ ಕ್ಯಾಂಟಿಲಿವರ್‌ನಲ್ಲಿ ಮುಖ್ಯ ಕಂಬಿ ಮೇಲ್ಗಡೆ ಇರಬೇಕು ಅಂತ ಕಾಲೇಜಲ್ಲಿ ಬೆಂಡಿಂಗ್ ಮೊಮೆಂಟ್ ಡಯಾಗ್ರಂ ಬರೆದು ಮಾರ್ಕ್ಸ್ ತಗೊಂಡಿರ್ತೀಯ, ಸೈಟಲ್ಲಿ ಕಾಂಕ್ರೀಟ್ ಹಾಕೋ ಗಡಿಬಿಡೀಲಿ ಜನ ಅದರ ಮೇಲೇ ಓಡಾಡಿ ಆ ಕಂಬಿ ಕೆಳಗೆ ಕೂತು ಹೋಗುತ್ತೆ, ಡ್ರಾಯಿಂಗಲ್ಲಿ ಎಲ್ಲಾ ಸರಿ ಇದ್ದು ಬಾಲ್ಕನಿ ಬೀಳೋದು ಹಂಗೆ. ಮೇಲಿನ ಕಂಬಿ ಎತ್ತಿ ಹಿಡಿಯೋ ಚೇರ್ ಇಟ್ಟಿದಾರಾ, ಕಾಲಂನ ಕಂಬಿ ಅಚ್ಚಿಗೆ ತಾಗದಂತೆ ದೂರ ಇಡೋ 40 ಎಂಎಂ ಕವರ್ ಬ್ಲಾಕ್ ನಿಂತಿದೆಯಾ ಅಂತ ಬಗ್ಗಿ ನೋಡೋ ಹುಡುಗಿ ಅಲ್ಲಿ ಇರೋದಕ್ಕೇ ಆ ಡಿಸೈನ್ ಬಿಲ್ಡಿಂಗ್ ಆಗುತ್ತೆ. ಬಾರ್ ಬೆಂಡಿಂಗ್ ಮೇಸ್ತ್ರಿ ಪಕ್ಕ ದಿನಾ ಒಂದು ಗಂಟೆ ನಿಲ್ಲು, ಅವನಿಗೆ ಯಾವ ಜಾಗದಲ್ಲಿ ಕಂಬಿ ಕೂರಲ್ಲ ಅಂತ ಡಿಸೈನ್ ಆಫೀಸಿಗಿಂತ ಮೊದಲು ಗೊತ್ತಾಗುತ್ತೆ.

ಸಂಬಳದ ವಿಷಯಕ್ಕೆ ನಾನೇನೂ ಜಾಸ್ತಿ ಹೇಳಲ್ಲ, ಕಮ್ಮಿನೇ, ನಿಜ, ರೂಮ್‌ಮೇಟ್ ಜೊತೆ ಹೋಲಿಸೋದು ಮಾತ್ರ ಬಿಡು. ಸೈಟಲ್ಲಿ ಹೆಂಗಸರಿಗೆ ಬೇರೆ ಟಾಯ್ಲೆಟ್ ಇಲ್ಲ ಅಂತ ನಾಚ್ಕೊಂಡು ಬರೆದಿದೀಯ, ಅದಕ್ಕೆ ನಾಚ್ಕೋಬೇಕಾದವಳು ನೀನಲ್ಲ, ಕಾರ್ಮಿಕ ಕಾನೂನಲ್ಲೇ ಸೈಟಲ್ಲಿ ಶೌಚಾಲಯ ಇರಬೇಕು ಅಂತಿದೆ, ಅಲ್ಲಿ ಇಟ್ಟಿಗೆ ಹೊರೋ ಹೆಂಗಸರ ಪರವಾಗಿಯೂ ನೀನೇ ಕೇಳು. ಬಾಂಡ್ ಕಾಪಿಯನ್ನ ಒಬ್ಬ ವಕೀಲರಿಗೆ ತೋರಿಸು. ಕಾಂಟ್ರಾಕ್ಟ್ ಆಕ್ಟಿನ 74ನೇ ಸೆಕ್ಷನ್ ಪ್ರಕಾರ ಕೋರ್ಟು ಕೊಡಿಸೋದು ನ್ಯಾಯವಾದ ಪರಿಹಾರ, ಬಾಂಡಲ್ಲಿ ಬರೆದಿರೋ ಮೊತ್ತ ಅದರ ಮೇಲಿನ ಮಿತಿ ಅಷ್ಟೇ, ಆದ್ದರಿಂದ ಮಾವ ಹೆದರಿಸಿದಷ್ಟು ಹೆದರಬೇಡ.

ಈಗ ಮಾಡಬೇಕಾದ್ದು ಒಂದೇ. ಇವತ್ತಿಂದ ನೀನು ನಿಂತು ನೋಡದೇ ಇರೋ ಯಾವ ಟೆಸ್ಟಿಗೂ ಸೈನ್ ಹಾಕಲ್ಲ. ಸೀನಿಯರ್ ಹತ್ರ ಜಗಳ ಬೇಡ, ಮರ್ಯಾದೆಯಿಂದಲೇ 'ಸರ್, ಕ್ಯೂಬ್ ಒಡೆಯೋವಾಗ ಕರೀರಿ, ನೋಡಿ ಸೈನ್ ಮಾಡ್ತೀನಿ' ಅನ್ನು. ಹಳೇ ಸೈನ್‌ಗಳ ಬಗ್ಗೆ ಕ್ವಾಲಿಟಿ ಹೆಡ್ ಮತ್ತೆ ಪ್ರಾಜೆಕ್ಟ್ ಮ್ಯಾನೇಜರ್ ಇಬ್ಬರಿಗೂ ಮೇಲ್ ಹಾಕು, ಇಂಥಿಂಥ ತಾರೀಖಿನ ಟೆಸ್ಟ್ ನಡೆಯುವಾಗ ನಾನು ಇರಲಿಲ್ಲ, ಆದರೂ ರಿಜಿಸ್ಟರಲ್ಲಿ ನನ್ನ ಸಹಿ ಇದೆ, ದಯವಿಟ್ಟು ಪರಿಶೀಲಿಸಿ ಅಂತ. ಯಾರ ಮೇಲೂ ಆರೋಪ ಬರೀಬೇಡ, ನಡೆದಿದ್ದಷ್ಟೇ. ಅನುಮಾನ ಇದ್ರೆ ಅವರು ಕೋರ್ ತೆಗೆದು, ಅಂದ್ರೆ ಗಟ್ಟಿಯಾದ ಕಾಂಕ್ರೀಟಿಂದಲೇ ಉರುಳೆಯಾಕಾರದ ತುಂಡು ಕೊರೆದು ನೋಡ್ತಾರೆ, ಅದಕ್ಕೆ ಸ್ಟ್ಯಾಂಡರ್ಡಲ್ಲೇ ದಾರಿ ಇದೆ, ಕೋರ್‌ಗಳ ಸರಾಸರಿ ಬೇಕಾದ ಶಕ್ತಿಯ ಶೇಕಡಾ 85 ಬಂದು ಯಾವೊಂದೂ 75ಕ್ಕಿಂತ ಕೆಳಗಿಲ್ಲ ಅಂದ್ರೆ ಆ ಕಾಂಕ್ರೀಟ್ ಒಪ್ಪಬಹುದು, ನಿನಗೂ ಸಮಾಧಾನ. ಎರಡೂ ಕಡೆಯಿಂದ ಉತ್ತರ ಬರದೇ ಹೋದ್ರೆ ಡ್ರಾಯಿಂಗ್ ಮೇಲೆ ಹೆಸರಿರೋ ಸ್ಟ್ರಕ್ಚರಲ್ ಕನ್ಸಲ್ಟೆಂಟಿಗೆ ಅದೇ ಮೇಲ್ ಕಳಿಸು.

ಮಾವನಿಗೆ ಮೊದಲು ಹೇಳ್ಬೇಡ, ಮೇಲ್ ಹೋದ್ಮೇಲೆ ಹೇಳು. ಏನು ಉತ್ತರ ಬಂತು ಅಂತ ನನಗೂ ಬರಿ. ಅಲ್ಲೀವರೆಗೂ ಜಾವಾ ಕೋರ್ಸಿಗೆ ಫೀಸ್ ಕಟ್ಬೇಡ.